ಮೊಮ್ಮಗಳ ಕೆಫೆಯೂ ನಮ್ಮೂರ ಮಾಣಿಗಳೂ

ಕಳೆದ ಬೇಸಗೆಯ ರಜೆಯಲ್ಲಿ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಧರ್ಮಸ್ಥಳದಿಂದ ಬರುವ ರಾತ್ರಿ ಬಸ್ಸನ್ನು ಉಜಿರೆಯಲ್ಲಿ ಹತ್ತಿ, ಘಾಟಿಯ ತಿರುವುಗಳಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆ ಇಳಿದರೆ, ಐದನೆಯ ತರಗತಿ ಮುಗಿಸಿದ ಮೊಮ್ಮಗಳು ನನ್ನ ವಾಸ್ತವ್ಯದ ಕಾರ್ಯಕ್ರಮವನ್ನು ಆಗಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಳು. ಮೊದಲನೆಯದು: "ಅಜ್ಜನಿಗೆ ಮಾಂತ್ರಿಕರ ಕೆಫೆ ತೋರಿಸುವುದು".

ಹೋದೆವು. ದೊಡ್ಡ ರಸ್ತೆಯಿಂದ ಒಳಕ್ಕೆ, ಒಂದು ಹಳೆಯ ಮನೆಯ ಹಿತ್ತಿಲಿನಲ್ಲಿ ಆ ಕೆಫೆ ಇದೆ. ಫಲಕ ಕಣ್ಣಿಗೆ ಬೀಳದಂತೆ ಬಳ್ಳಿಯ ಮರೆಯಲ್ಲಿಟ್ಟಿದ್ದಾರೆ; ಹುಡುಕಿಕೊಂಡು ಬರುವುದೇ ಅಲ್ಲಿನ ಸೊಗಸಂತೆ. ಒಳಗೆ ಹಗಲಿನಲ್ಲೂ ಮಬ್ಬುಗತ್ತಲೆ. ಮಾಡಿನಿಂದ ಮೇಣದ ಬತ್ತಿಯಂತೆ ಕಾಣುವ ವಿದ್ಯುದ್ದೀಪಗಳು ತೂಗುತ್ತಿವೆ. ಒಂದು ಪಂಜರದಲ್ಲಿ ಬಟ್ಟೆಯ ಗೂಬೆ. ಗೋಡೆಯ ಕಪಾಟಿನಲ್ಲಿ ಸಾಲಾಗಿ ದಪ್ಪ ದಪ್ಪ ಪುಸ್ತಕಗಳು. ಮಾಸ್ತರಿಕೆಯ ಚಟ ಬಿಡದೆ ಒಂದನ್ನು ಎಳೆದು ನೋಡಿದೆ, ಒಳಗೆ ಹಾಳೆಗಳೇ ಇಲ್ಲ, ಬರಿಯ ರಟ್ಟಿನ ಡಬ್ಬಿ! ಮೊಮ್ಮಗಳು ಮೊನಚು ಟೋಪಿ ಧರಿಸಿ, ಕೈಯಲ್ಲಿ ಕೋಲು ಹಿಡಿದು ಫೋಟೋ ತೆಗೆಸಿಕೊಂಡಳು. ನನಗೂ ಒಂದು ಕರಿಯ ನಿಲುವಂಗಿ ತೊಡಿಸಿದರು. ಆ ಚಿತ್ರವನ್ನು ಇಲ್ಲಿ ಹಾಕುವ ಧೈರ್ಯ ನನಗಿಲ್ಲ. ಒಂದು ಲೋಟ ಕಾಫಿಗೆ ತೆತ್ತ ಹಣದ ಮೊತ್ತವನ್ನೂ ಹೇಳಲಾರೆ, ಮನೆಯಾಕೆ ಇದನ್ನು ಓದುವವಳಿದ್ದಾಳೆ.

ಆದರೆ ಒಂದು ಮಾತು ಒಪ್ಪಬೇಕು. ಆ ಹುಡುಗಿ ಹ್ಯಾರಿ ಪಾಟರನ ಏಳೂ ಪುಸ್ತಕಗಳನ್ನು ಓದಿದ್ದಾಳೆ. ಗೂಬೆ ಯಾಕಿದೆ, ಟೋಪಿ ಯಾಕಿದೆ ಎಂದು ನನಗೆ ಅರ್ಧ ಗಂಟೆ ಪಾಠ ಮಾಡಿದಳು. ಓದಿದ ಕಥೆಯೊಳಗೆ ಹೋಗಿ ಕುಳಿತುಕೊಳ್ಳಬೇಕೆಂಬ ಆಸೆ ಮಕ್ಕಳದ್ದು ಮಾತ್ರವೇ? ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ, ಎಂದೂ ಹುಟ್ಟದ ಷೆರ್ಲಾಕ್ ಹೋಮ್ಸನ 'ಮನೆ'ಯನ್ನು 1990ರಿಂದ ಜನ ಟಿಕೆಟು ಕೊಂಡು ನೋಡುತ್ತಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ 'ಎಲಿಫೆಂಟ್ ಹೌಸ್' ಎಂಬ ಕೆಫೆ 1995ರಲ್ಲಿ ಪ್ರಾರಂಭವಾದದ್ದು. ಹ್ಯಾರಿ ಪಾಟರ್ ಹುಟ್ಟಿದ್ದು ಇಲ್ಲಿಯೇ ಎಂದು ಅದು ಬಹುಕಾಲ ಫಲಕ ಹಾಕಿಕೊಂಡಿತ್ತು. ಕಡೆಗೆ 2020ರಲ್ಲಿ ಲೇಖಕಿ ರೌಲಿಂಗ್ ಅವರೇ, ತಾನು ಅಲ್ಲಿಗೆ ಕಾಲಿಡುವ ಎಷ್ಟೋ ವರ್ಷ ಮೊದಲು ಬರೆಯತೊಡಗಿದ್ದೆ, ಲೇಖನಿ ಹಿಡಿದದ್ದು ಲಂಡನ್ನಿನ ಒಂದು ಬಾಡಿಗೆ ಕೋಣೆಯಲ್ಲಿ ಎಂದು ಸ್ಪಷ್ಟಪಡಿಸಬೇಕಾಯಿತು.

ನಮ್ಮಲ್ಲಿಯೂ ಇಂಥದ್ದೊಂದು ಊರಿದೆ: ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ. ಮಲ್ಲೇಶ್ವರದ ತಲೆಗೆ ಬಸವನಗುಡಿಯ ಬಾಲ ಸೇರಿಸಿ ಆ ಹೆಸರು ಮಾಡಿದರೆಂದು ಬೆಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ನಾರಾಯಣ್ ಸ್ವತಃ ಹೇಳಿದ್ದು ಬೇರೆ. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭ ಮುಹೂರ್ತದಲ್ಲಿ ನೋಟುಪುಸ್ತಕ ತೆರೆದು ಕುಳಿತಾಗ ಒಂದು ಸಣ್ಣ ರೈಲು ನಿಲ್ದಾಣವೂ ಅದರ ಹೆಸರೂ ಒಟ್ಟಿಗೇ ಹೊಳೆದವಂತೆ. ಹಾಗೆ ಹುಟ್ಟಿದ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾದದ್ದು 1935ರಲ್ಲಿ. ಊರಿಲ್ಲದ ಆ ಊರಿಗೆ ಶಂಕರನಾಗ್ 1986ರಲ್ಲಿ ಆಗುಂಬೆಯನ್ನು ವೇಷ ಹಾಕಿ ನಿಲ್ಲಿಸಿದರು. ಧಾರಾವಾಹಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಹೊಸನಗರ ತಾಲೂಕಿನ ಅರಸಾಳು. ಆ ಹಳೆಯ ನಿಲ್ದಾಣದ ಕಟ್ಟಡವನ್ನು, ಧಾರಾವಾಹಿಯ ಕಲಾನಿರ್ದೇಶಕ ಜಾನ್ ದೇವರಾಜ್ ಅವರ ಕೈಯಿಂದಲೇ ಸಿಂಗರಿಸಿ, 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದರು. ಮೀಟರ್ ಗೇಜಿನ ಹಳೆಯ ಬೋಗಿಯೊಂದನ್ನು ಅಲ್ಲಿಯೇ ನಿಲ್ಲಿಸಿ 'ಮಾಲ್ಗುಡಿ ಚಾಯ್' ಎಂಬ ಚಹಾದಂಗಡಿ ತೆರೆದರು. ನಿವೃತ್ತ ಸಹೋದ್ಯೋಗಿಗಳೊಡನೆ ಒಮ್ಮೆ ಅಲ್ಲಿಗೆ ಹೋದಾಗ ನಾನೂ ಆ ಬೋಗಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವನೇ. ಹೀಗಿರುವಾಗ ಮೊಮ್ಮಗಳನ್ನು ನಗುವ ಅಧಿಕಾರ ನನಗೆಲ್ಲಿದೆ?

ನಾರಾಯಣರ ಮಾಲ್ಗುಡಿಯಲ್ಲಿ ಒಂದು ಹೋಟೆಲೂ ಇದೆ. ಅದಕ್ಕೆ ಫಲಕವೇ ಇಲ್ಲದ್ದರಿಂದ 'ಬೋರ್ಡ್‌ಲೆಸ್' ಎಂದೇ ಹೆಸರು. 1976ರ 'ದಿ ಪೇಂಟರ್ ಆಫ್ ಸೈನ್ಸ್' ಕಾದಂಬರಿಯಲ್ಲಿ, ಫಲಕ ಬರೆದೇ ಬದುಕುವ ರಾಮನ್ ದಿನವೂ ಹೋಗಿ ಕೂರುವುದು ಅಲ್ಲಿಗೇ. ಅದನ್ನು ಮೊಮ್ಮಗಳಿಗೆ ಹೇಳಿದೆ. "ನಿಮ್ಮ ಕಾಲದ ಹೋಟೆಲಲ್ಲಿ ಕಥೆ ಬರೆಯುವವರು ಬರ್ತಿದ್ರಾ ಅಜ್ಜ?" ಎಂದಳು. ನಾಳೆ ನನ್ನ ಸರದಿ, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

ಮರುದಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮುಂದೆ ಮುಕ್ಕಾಲು ಗಂಟೆ ನಿಂತೆವು. 1943ರಲ್ಲಿ, ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗಾಗಿ ಉರಾಳ ಸಹೋದರರು ತೆರೆದ ಸಣ್ಣ ಹೋಟೆಲು ಅದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಉರಾಳ, ಅಡಿಗ ಎಂದ ಮೇಲೆ ಮೂಲ ಯಾವ ಕಡೆಯೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ಆ ಬೀದಿ ಅವರದ್ದೇ ಆಗಿತ್ತಲ್ಲವೇ? ಡಿ.ವಿ.ಜಿ. ಅವರ ಹೆಸರನ್ನೇ ಅಲ್ಲಿನ ರಸ್ತೆಗಿಟ್ಟಿದ್ದಾರೆ. ಅವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಗವಿಪುರದ ಮನೆಯಿಂದ ಮಾಸ್ತಿಯವರು ಕೊಡೆ ಹಿಡಿದು ಸಂಜೆ ಸಂಜೆ ಬಸವನಗುಡಿ ಕ್ಲಬ್ಬಿಗೆ ಇಸ್ಪೀಟಾಡಲು ನಡೆದು ಹೋಗುತ್ತಿದ್ದದ್ದೂ ಆ ಸುತ್ತಿನಲ್ಲಿಯೇ. ಅದೇ 1945ರಲ್ಲಿ ಬಿ. ಪಿ. ವಾಡಿಯಾ ದಂಪತಿ ಸ್ಥಾಪಿಸಿದ ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯವೂ ಹತ್ತಿರದಲ್ಲಿದೆ. ಮಕ್ಕಳಿಗೆ ಬೇರೆಯೇ ವಿಭಾಗ ಉಂಟು, ಮತ್ತು ಅಲ್ಲಿನ ಪುಸ್ತಕಗಳಲ್ಲಿ ಹಾಳೆಗಳಿವೆ. ಬೆಂಗಳೂರಿನಲ್ಲಿರುವ ನಮ್ಮ ವಿದ್ಯಾರ್ಥಿಗಳು ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಗುಪ್ತಸ್ಥಳ ಬೇಕೇ?

ನಾನು ಹೀಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳುತ್ತಿದ್ದರೆ ಮೊಮ್ಮಗಳ ಗಮನ ಅತ್ತ ಇರಲಿಲ್ಲ. ಬಿಳಿಯ ಪಂಚೆ ಉಟ್ಟ ಸಪ್ಲೈಯರೊಬ್ಬರು ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿಕೊಂಡು ಬರುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. "ಇದು ಮ್ಯಾಜಿಕ್ ಅಲ್ವಾ ಅಜ್ಜ? ಇವರು ಯಾವ ಸ್ಕೂಲಲ್ಲಿ ಕಲ್ತದ್ದು?"

ಮಗುವಿನ ಮಾತಿಗೆ ನಕ್ಕೆ, ಆದರೆ ದೋಸೆ ಮುಗಿಯುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಯಾವ ಶಾಲೆಯಲ್ಲಿ ಕಲಿತರೋ ಗೊತ್ತಿಲ್ಲ. ಯಾವ ಶಾಲೆಯನ್ನು ಬಿಟ್ಟು ಬಂದರು ಎಂಬುದನ್ನು ಮಾತ್ರ ನಾನು ಸುಮಾರಾಗಿ ಹೇಳಬಲ್ಲೆ. ನಮ್ಮ ಶಾಲೆಗಳನ್ನು.

ಇತಿಹಾಸದ ಮಾಸ್ತರನಾಗಿ ಮೂವತ್ತನಾಲ್ಕು ವರ್ಷ ಪಾಣಿಪತ್ತಿನ ಮೂರು ಯುದ್ಧಗಳನ್ನು ಪಾಠ ಮಾಡಿದೆ. ಪಠ್ಯಪುಸ್ತಕದಲ್ಲಿ ಇರಲಿಲ್ಲವೆಂಬ ಕಾರಣಕ್ಕೆ ಈ ಒಂದು ಪಾಠವನ್ನು ಮಾಡಲಿಲ್ಲ. ಈಗ ಮಾಡುತ್ತೇನೆ, ಕೇಳಿ.

1923ರ ಆಗಸ್ಟಿನಲ್ಲಿ ನೇತ್ರಾವತಿಗೆ ಬಂದ ಪ್ರವಾಹವನ್ನು ನಮ್ಮ ಹಿರಿಯರು ತುಳುವಿನಲ್ಲಿ 'ಮಾರಿಬೊಳ್ಳ' ಎನ್ನುತ್ತಿದ್ದರು. ಬಂಟ್ವಾಳ, ಪಾಣೆಮಂಗಳೂರುಗಳ ಪೇಟೆ ಮುಳುಗಿತು. ಹೊಳೆಯ ಬದಿಯ ಮನೆ, ದನಕರು, ಗದ್ದೆಯ ಪೈರು ಕೊಚ್ಚಿಹೋಯಿತು. ನನ್ನ ಅಜ್ಜಿ ವರ್ಷಗಳನ್ನು ಎಣಿಸುತ್ತಿದ್ದದ್ದೇ ಬೊಳ್ಳದ ಮೊದಲು, ಬೊಳ್ಳದ ಅನಂತರ ಎಂದು. ಗದ್ದೆ ಹೋದ ಮನೆಗಳಿಂದ ಹುಡುಗರು ಘಟ್ಟ ಹತ್ತಿದರು. ಬೊಳ್ಳವೊಂದೇ ಕಾರಣವೆಂದರೆ ತಪ್ಪಾದೀತು. ಅದಕ್ಕೆ ಮೊದಲೇ ಹೋದವರಿದ್ದರು; ಭೂಮಿ ಕಡಮೆ, ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು, ದೇವಸ್ಥಾನ ಮಠಗಳ ಅಡಿಗೆಶಾಲೆಯಲ್ಲಿ ಕಲಿತ ಕೈಕಸುಬು ಒಂದೇ ಬಂಡವಾಳ. ಕುಂದಾಪುರದ ಕಡೆಯ ಕೋಟ ಸೀಮೆಯಿಂದ ಬಂದ ಮಯ್ಯ ಸಹೋದರರು ಮೊದಲು ಬೆಂಗಳೂರಿನ ದೊಡ್ಡವರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದು, 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಕಾಫಿ ಕ್ಲಬ್ಬು ತೆರೆದರು. ಅದೇ ಇಂದಿನ ಎಂ.ಟಿ.ಆರ್. ಆಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಹೆಸರೇ ಹೇಳುವಂತೆ, ಆ ಕಾಲದ ಹೋಟೆಲುಗಳ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆದಿರಲಿಲ್ಲ. ಅದನ್ನು ಮುಚ್ಚಿಟ್ಟು ಬರಿಯ ದೋಸೆಯ ರುಚಿಯನ್ನು ಹೊಗಳುವುದು ಇತಿಹಾಸವಲ್ಲ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದ ಮೇಲೆ, ಪಾತ್ರೆಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಕ್ರಮ ತಂದರು. ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದ ಕೀರ್ತಿಯೂ ತಮ್ಮದೆಂದು ಎಂ.ಟಿ.ಆರ್. ನವರು ಹೇಳುತ್ತಾರೆ.

ನಮಗೆ ಇನ್ನೂ ಹತ್ತಿರದವರೆಂದರೆ ಮೂಡುಬಿದಿರೆಯ ಬಳಿಯ ಕಡಂದಲೆಯ ಕೃಷ್ಣರಾಯರು. 1920ರ ದಶಕದಲ್ಲಿ ಮದರಾಸಿಗೆ ಹೋಗಿ, ಅಡಿಗೆಮನೆಯ ತೀರ ಕೆಳಗಿನ ಕೆಲಸದಿಂದ ತೊಡಗಿ, ಉಡುಪಿ ಹೋಟೆಲಿನ ಹೆಸರನ್ನು ಇಡೀ ದಕ್ಷಿಣ ಭಾರತಕ್ಕೆ ಪರಿಚಯಿಸಿದವರು, 'ವುಡ್‌ಲ್ಯಾಂಡ್ಸ್' ಅವರದ್ದು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಇವರ ಹೆಸರುಗಳು ಪುಸ್ತಕಗಳಲ್ಲಿವೆ. ಇವರಂತೆಯೇ ಬಸ್ಸು, ಹಡಗು ಹತ್ತಿ ಹೋಗಿ, ಗಲ್ಲಾದವರೆಗೂ ತಲಪದೆ ಲೋಟ, ಬಕೆಟು, ಒರಸುವ ಬಟ್ಟೆಗಳ ನಡುವೆಯೇ ಉಳಿದವರ ಹೆಸರುಗಳು ಎಲ್ಲಿಯೂ ಇಲ್ಲ. ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋದವರು ಮುಂಬಯಿಯಲ್ಲಿ ಬಹಳ ಮಂದಿ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ರಾತ್ರಿ ಶಾಲೆ ನಡೆಸಿ ಅವರಿಗೆ ಅಕ್ಷರ ಕೊಟ್ಟವು. ಹೋಟೆಲಿನ ಕೆಲಸಗಾರರೇ ಒಡೆಯರಾದದ್ದೂ ಒಮ್ಮೆ ನಡೆದಿದೆ: ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ರುಮಾಲು ಕಟ್ಟಿ, ಅಗಲ ಪಟ್ಟಿ ಬಿಗಿದು ಕಾಫಿ ತಂದಿಡುತ್ತಿದ್ದವರು ಆ ಪರಂಪರೆಯವರು. ಆ ಜಾಗ 2009ರಲ್ಲಿ ಹೋಯಿತು. ಅವರು ಚರ್ಚ್ ಸ್ಟ್ರೀಟಿಗೆ ಬಂದರು.

1974ರ ಭೂಸುಧಾರಣೆ ಬಂದ ಮೇಲೆ, ಗೇಣಿಯ ಅಕ್ಕಿಯನ್ನೇ ನಂಬಿದ್ದ ಮನೆಗಳಿಂದ ಇನ್ನೊಂದು ಅಲೆ ಹೊರಟಿತು. ಗೇಣಿದಾರನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಆ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಸಿಕ್ಕಿದ ಭೂಮಿಯೂ ಸಣ್ಣದೇ ಆಗಿ, ಗೇಣಿದಾರರ ಮನೆಗಳಿಂದಲೂ ಹುಡುಗರು ಹೋದರು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ 'ಕೆಫೆ ದರ್ಶಿನಿ' ತೆರೆದು, ನಿಂತು ತಿನ್ನುವ ಹೋಟೆಲುಗಳು ಬೆಂಗಳೂರಿನ ಮೂಲೆ ಮೂಲೆಗೂ ಹಬ್ಬಿದಾಗ ಕೈಗಳ ಬೇಡಿಕೆ ಇನ್ನಷ್ಟು ಏರಿತು. ನಾನು ಮಾಸ್ತರನಾದದ್ದು ಅದರ ಮರುವರ್ಷ.

ಶಿವರಾಮ ಕಾರಂತರು ಇದನ್ನು ಎಷ್ಟೋ ಮೊದಲೇ ಕಂಡಿದ್ದರು. 'ಮರಳಿ ಮಣ್ಣಿಗೆ' ಓದಿದವರಿಗೆ ನೆನಪಿರಬಹುದು, ಐತಾಳರ ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಮಾಡುತ್ತಾರೆ. ಆ ಹಣ ಊರಿಗೆ ಬಂದಾಗ ಎರಡು ಮನೆಗಳ ನಡುವೆ ಏನೇನಾಗುತ್ತದೆ ಎಂಬುದೂ ಅಲ್ಲಿದೆ. ಕಥೆಯ ಪುಸ್ತಕದೊಳಗೆ ನಮ್ಮ ಜಿಲ್ಲೆಯ ಹೋಟೆಲನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಆ ಪುಸ್ತಕದ ಇನ್ನೊಂದು ಸಂಗತಿ ಮುಂದೆ ಬರುತ್ತದೆ.

ಈಗ ನನ್ನ ತಪ್ಪಿನ ಮಾತು. ತರಗತಿಯಲ್ಲಿ ಓದದ ಹುಡುಗರಿಗೆ ನಾನು ಒಂದು ಮಾತು ಹೇಳುತ್ತಿದ್ದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಮಂದಿಯಾದರೂ ಅದನ್ನು ಕೇಳಿದವರೇ: "ಹೀಗೇ ಇದ್ದರೆ ಬೆಂಗಳೂರಿನಲ್ಲಿ ಲೋಟ ತೊಳೆಯಬೇಕಾದೀತು." ತರಗತಿ ನಗುತ್ತಿತ್ತು. ನಗುವವರಲ್ಲಿ ಅಣ್ಣನೋ ಮಾವನೋ ಅದೇ ಕೆಲಸ ಮಾಡಿ ಕಳಿಸಿದ ಹಣದಲ್ಲಿ ಸಮವಸ್ತ್ರ ಹೊಲಿಸಿಕೊಂಡವರು ಎಷ್ಟು ಮಂದಿ ಇದ್ದರೋ! ಆ ಲೆಕ್ಕ ನನಗೆ ಅಂದು ಹೊಳೆಯಲಿಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಪ್ರತಿ ವರ್ಷ ಒಂದೆರಡು ಬೆಂಚು ಖಾಲಿಯಿರುತ್ತಿತ್ತು. ಕೆಲವು ದಿನ ಗೈರುಹಾಜರಿ ಹಾಕಿ, ಆಮೇಲೆ ಕೆಂಪು ಶಾಯಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದೆ. ಹುಡುಗನ ಮನೆಗೆ ಹೋಗಿ ವಿಚಾರಿಸಿದ್ದು ಎಲ್ಲೋ ಎರಡು ಮೂರು ಬಾರಿ. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕೆ ಮೊದಲು ತಡೆಯುವವರು ಯಾರಾದರೂ ಇದ್ದಿದ್ದರೆ ಅದು ನಾವು ಮಾಸ್ತರುಗಳೇ ಆಗಬೇಕಿತ್ತು.

ವಿದ್ಯಾರ್ಥಿ ಭವನದಿಂದ ಮರಳುವಾಗ ಮಳೆ ಹಿಡಿಯಿತು. ಮಗಳ ಮನೆಯ ಹತ್ತಿರದ ಒಂದು ಸಣ್ಣ ದರ್ಶಿನಿಯ ಮಾಡಿನ ಕೆಳಗೆ ನಿಂತು, ಸುಮ್ಮನೆ ನಿಲ್ಲುವುದು ಹೇಗೆಂದು ಕಾಫಿ ಹೇಳಿದೆ. ಗಲ್ಲಾದಲ್ಲಿ ಕುಳಿತಿದ್ದ, ತಲೆ ನರೆತ ಮನುಷ್ಯ ನನ್ನನ್ನೇ ನೋಡುತ್ತಿದ್ದವರು ಎದ್ದು ಈಚೆ ಬಂದರು.

"ಗುರ್ತ ಸಿಕ್ಕಿತಾ ಸರ್?"

ಸಿಕ್ಕಲಿಲ್ಲ. ಹೆಸರು ಹೇಳಿದ ಮೇಲೆ, ಮನೆಯ ಹೆಸರನ್ನೂ ಸೇರಿಸಿದ ಮೇಲೆ ಮುಖ ಮೆಲ್ಲಗೆ ಮೂಡಿತು. 1989ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವನು. ಗಟ್ಟಿಯಾಗಿ, ತಪ್ಪಿಲ್ಲದೆ ಪಾಠ ಓದುತ್ತಿದ್ದ ಹುಡುಗ. ದಸರೆಯ ಅನಂತರ ಬಂದಿರಲಿಲ್ಲ.

"ಲೋಟ ತೊಳೀಲಿಕ್ಕೆ ಹೋಗ್ಬೇಕಾದೀತು ಅಂತ ಹೇಳ್ತಿದ್ರಲ್ಲ ಸರ್, ಹಾಗೇ ಆಯ್ತು ನೋಡಿ. ಅಪ್ಪ ತೀರಿಕೊಂಡ್ರು, ಚಿಕ್ಕಪ್ಪ ಕರ್ಕೊಂಡು ಬಂದ್ರು. ಸುರುವಿನ ಆರು ತಿಂಗಳು ಬರೀ ಲೋಟವೇ," ಎಂದು ನಕ್ಕ. ಆ ನಗುವಿನಲ್ಲಿ ಯಾವ ಕೊಂಕೂ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನನ್ನ ಬಾಯಿಂದ ಕೂಡಲೇ ಮಾತು ಹೊರಡಲಿಲ್ಲ. ಕಡೆಗೆ, "ಹಾಗೆ ಹೇಳಬಾರದಿತ್ತು ಮಾರಾಯ, ತಪ್ಪಾಯಿತು," ಎಂದೆ.

"ಅಯ್ಯೋ, ಬಿಡಿ ಸರ್. ತಪ್ಪು ನಂದೂ ಒಂದು ಉಂಟು. ಲೈಬ್ರೆರಿಯ ಪುಸ್ತಕ ಕೊಡದೆ ಓಡಿ ಬಂದವ ನಾನು."

ಆ ಪುಸ್ತಕ 'ಮರಳಿ ಮಣ್ಣಿಗೆ'. ಶಾಲೆಯ ಗ್ರಂಥಭಂಡಾರ ನನ್ನ ವಶದಲ್ಲಿತ್ತು. ವರ್ಷದ ಕೊನೆಗೆ ತಪಾಸಣೆಯಾದಾಗ 'ಕಳೆದುಹೋಗಿದೆ' ಎಂದು ಬರೆದು ಅದರ ಬೆಲೆ ಕಟ್ಟಿದ್ದು ನನಗೆ ಈಗಲೂ ನೆನಪಿದೆ. ಬೆಂಗಳೂರಿನ ಹೋಟೆಲಿನ ಅಟ್ಟದಲ್ಲಿ, ಹಿಟ್ಟಿನ ಮೂಟೆಗಳ ಪಕ್ಕ ಆರು ಮಂದಿ ಹುಡುಗರು ಮಲಗುತ್ತಿದ್ದಲ್ಲಿ ಇವನು ಅದನ್ನು ಓದಿದನಂತೆ. ಶೀನಮಯ್ಯರ ಮಕ್ಕಳು ಹೋಟೆಲು ಮಾಡುವ ಭಾಗವನ್ನು ಉಳಿದ ಐವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಅವರಲ್ಲಿ ಇಬ್ಬರಿಗೆ ಓದು ಬರುತ್ತಿರಲಿಲ್ಲ. "ನಮ್ಮದೇ ಕಥೆ ಅಂತ ಮತ್ತೆ ಮತ್ತೆ ಓದಿಸ್ತಿದ್ರು ಸರ್. ಆದ್ರೆ ಅದ್ರಲ್ಲಿ ಹೋಟೆಲು ಇಟ್ಟವ್ರ ಕಥೆ ಉಂಟು, ಲೋಟ ತೊಳೆದವ್ರದ್ದು ಇಲ್ಲ, ಅಲ್ವಾ?"

ಮೂವತ್ತಕ್ಕೂ ಹೆಚ್ಚು ವರ್ಷ ಆ ಕಾದಂಬರಿಯನ್ನು ವಿದ್ಯಾರ್ಥಿಗಳಿಗೆ ಶಿಫಾರಸು ಮಾಡಿದವನು ನಾನು. ಈ ಪ್ರಶ್ನೆ ನನಗೆ ಎಂದೂ ಹುಟ್ಟಿರಲಿಲ್ಲ. ಕಾರಂತರು ಬರೆಯಹೊರಟದ್ದು ಮಣ್ಣಿನ ಕಥೆ, ಹೋಟೆಲಿನದ್ದಲ್ಲ ಎಂದು ಏನೋ ಸಮಾಧಾನ ಹೇಳಿದೆ, ಅವನು ತಲೆಯಾಡಿಸಿದ. ಒಪ್ಪಿದನೆಂದು ನನಗನಿಸಲಿಲ್ಲ.

ಕಾಫಿಯ ಹಣ ತೆಗೆದುಕೊಳ್ಳಲಿಲ್ಲ. ಮೊಮ್ಮಗಳಿಗೆ ಒಳಗಿನಿಂದ ಬಿಸಿ ಗೋಳಿಬಜೆ ತರಿಸಿಕೊಟ್ಟ. ಅವಳು ಹಿಂದೆಮುಂದೆ ನೋಡದೆ, "ನಿಮಗೆ ತೋಳ ಮೇಲೆ ಎಷ್ಟು ಪ್ಲೇಟ್ ಇಡ್ಲಿಕ್ಕೆ ಬರ್ತದೆ ಮಾಮ?" ಎಂದು ಕೇಳಿದಳು. ಅವನು ಗಲ್ಲಾದ ಹುಡುಗನನ್ನು ಕರೆದು ಖಾಲಿ ತಟ್ಟೆಗಳನ್ನು ತರಿಸಿ, ಅಂಗಿಯ ತೋಳು ಮಡಚಿ, ಹನ್ನೊಂದು ಇಟ್ಟು ತೋರಿಸಿದ. ಹನ್ನೆರಡನೆಯದು ಜಾರಿತು. "ವಯಸ್ಸಾಯ್ತು," ಎಂದ.

ಉಜಿರೆಗೆ ಮರಳಿದ ಮೇಲೆ ಒಂದು ನೋಟುಪುಸ್ತಕ ತೆಗೆದು, ಕೆಂಪು ಗೆರೆ ಎಳೆದ ಹೆಸರುಗಳನ್ನು ನೆನಪಿನಿಂದ ಬರೆಯಲು ಕುಳಿತಿದ್ದೇನೆ. ಈವರೆಗೆ ಇಪ್ಪತ್ತಮೂರು ಹೆಸರಾಗಿದೆ. ಕೆಲವರ ಮುಖ ನೆನಪಿದೆ, ಹೆಸರಿಲ್ಲ. ಕೆಲವರ ಮನೆಯ ಹೆಸರು ಮಾತ್ರ ಇದೆ. 1984ರಿಂದೀಚೆ ನಮ್ಮ ಶಾಲೆಯ ಬೆಂಚಿನಿಂದೆದ್ದು ಬೆಂಗಳೂರು, ಮುಂಬಯಿ, ಪುಣೆ, ಹುಬ್ಬಳ್ಳಿ ಎಂದು ಹೋಟೆಲಿಗೆ ಹೋದವರು ನೀವಾಗಿದ್ದರೆ, ಅಥವಾ ನಿಮ್ಮ ಅಣ್ಣನೋ ಬೆಂಚಿನ ಜೊತೆಗಾರನೋ ಆಗಿದ್ದರೆ, ಯಾವ ವರ್ಷ ಹೋದದ್ದು, ಯಾವ ಊರು, ಮೊದಲ ಕೆಲಸ ಏನು, ಎಲ್ಲಿ ಮಲಗುತ್ತಿದ್ದಿರಿ, ಇಷ್ಟನ್ನು ನನಗೆ ಬರೆದು ತಿಳಿಸಿ. ಫೋನು ಮಾಡಿದರೂ ಆದೀತು, ನಾನೇ ಬರೆದುಕೊಳ್ಳುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ, ಆಗ ಸ್ವಲ್ಪ ಮಲಗುತ್ತೇನೆ.